ಎಡಗಣ್ಣಿನ ವಿಷಯ

ಶಿರಸಿ, ಭಾನುವಾರ

ಪ್ರೀತಿಯ ಅಪ್ಪಿಗೆ, ದೊಡ್ಡಪ್ಪನ ಆಶೀರ್ವಾದ.

ನಿನ್ನೆ ನಿನ್ನ ಎಡಗಣ್ಣಿಗೆ ಐದು ನಿಮಿಷ ಕತ್ತಲೆ ಕವಿದು ಆಮೇಲೆ ಸರಿಹೋಯ್ತಂತೆ. ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಕಂಪ್ಯೂಟರ್ ನೋಡಿ ಸುಸ್ತು ಎಂದೆಯಂತೆ. ಸುಸ್ತಾದರೆ ಒಂದೇ ಕಣ್ಣಿಗೆ ಕತ್ತಲೆ ಬರುತ್ತದೇನೋ?

ಹೋದ ವರ್ಷ ಅಡಿಕೆ ಸುಲಿಯುತ್ತ ತಲೆ ಎತ್ತಿದೆ. ಅಟ್ಟದ ದಬ್ಬೆಗಳೆಲ್ಲ ನಡುವೆ ಬಾಗಿದ ಹಾಗೆ ಕಂಡವು. ಬಲಗಣ್ಣು ಮುಚ್ಚಿದರೆ ನೆಟ್ಟಗೆ, ಎಡಗಣ್ಣು ಮುಚ್ಚಿದರೆ ಸೊಟ್ಟ. ಕೊನೆಕೊಯ್ಲು ಮುಗಿಯಲಿ ಅಂತ ಎಂಟು ದಿನ ಸುಮ್ಮನಿದ್ದೆ. ಬಿಪಿ ಮಾತ್ರೆಯನ್ನೂ ಸರಿಯಾಗಿ ನುಂಗುತ್ತಿರಲಿಲ್ಲ. ರೆಟಿನಾದ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪರದೆಯ, ಒಂದು ರಕ್ತನಾಳ ಕಟ್ಟಿಕೊಂಡಿತ್ತು.

ರೆಟಿನಾದಲ್ಲಿ ಮುಲ್ಲರ್ ಕೋಶ ಅಂತ ಇವೆ. 1851ರಲ್ಲೇ ಹೈನ್ರಿಚ್ ಮುಲ್ಲರ್ ಎಂಬವರು ಇವುಗಳ ಬಗ್ಗೆ ಬರೆದಿದ್ದರು. ನೋಡುವ ಕೆಲಸ ನರಕೋಶಗಳದ್ದು, ಇವು ಅವುಗಳ ಚಾಕರಿ ಮಾಡುತ್ತವೆ. ನರಕೋಶಗಳು ಸುದ್ದಿ ಸಾಗಿಸಲು ಗ್ಲುಟಮೇಟ್ ಎಂಬ ರಾಸಾಯನಿಕ ಚೆಲ್ಲುತ್ತವೆ. ಅದನ್ನು ಇವು ಹೀರಿ ತೆಗೆಯಬೇಕು, ಹೆಚ್ಚಾದ ನೀರನ್ನೂ ಸಾಗಹಾಕಬೇಕು. ನಮ್ಮ ತೋಟದ ಬಸಿಗಾಲುವೆ ಇದ್ದ ಹಾಗೆ. ರಕ್ತ ನಿಂತರೆ ಈ ಕೆಲಸ ಕೆಡುತ್ತದೆ. ಉಳಿದ ಗ್ಲುಟಮೇಟೇ ನರಕೋಶಕ್ಕೆ ವಿಷವಾಗುತ್ತದೆ. ಮುಲ್ಲರ್ ಕೋಶ ಮಾತ್ರ ಬೇಗ ಸಾಯುವುದಿಲ್ಲ. ಅದರಲ್ಲಿ ಸಕ್ಕರೆಯ ದಾಸ್ತಾನಿದೆ, ಆಮ್ಲಜನಕ ಇಲ್ಲದೆಯೂ ಸ್ವಲ್ಪ ಹೊತ್ತು ತಳ್ಳುತ್ತದೆ. ಊದಿಕೊಳ್ಳುತ್ತದೆ, ಆಮೇಲೆ ರಕ್ತ ಬೇಕು ಅಂತ ವಿಇಜಿಎಫ್ ಎಂಬ ಪದಾರ್ಥ ಬಿಡುತ್ತದೆ. ಉಪಕಾರಕ್ಕೆ ಹೊರಟು ಫಜೀತಿ! ಅದರಿಂದ ರಕ್ತನಾಳ ಸೋರಿ ನೀರು ತುಂಬುತ್ತದೆ. ದಬ್ಬೆ ಬಾಗಿದ್ದು ಹಾಗೆ. ನಾನು ಕಣ್ಣಿಗೆ ಚುಚ್ಚಿಸಿಕೊಳ್ಳುವ ಇಂಜೆಕ್ಷನ್ ಆ ವಿಇಜಿಎಫ್‌ ತಡೆಯಲಿಕ್ಕೇ. ಜೀಬ್ರಾಮೀನಿನಲ್ಲಿ ಇದೇ ಕೋಶ ಹೊಸ ನರಕೋಶ ಹುಟ್ಟಿಸುತ್ತದಂತೆ. ನಮಗೆ ಆ ಭಾಗ್ಯವಿಲ್ಲ, ಕಲೆ ಉಳಿಯುತ್ತದೆ ಅಷ್ಟೆ.

ನನ್ನಲ್ಲಿ ಕಟ್ಟಿದ್ದು ಅಭಿಧಮನಿ, ರಕ್ತ ವಾಪಸು ಒಯ್ಯುವ ನಾಳ, ನಿಧಾನದ್ದು. ನಿನ್ನದು ಅಪಧಮನಿ, ಅಂದರೆ ರಕ್ತ ತರುವ ನಾಳ, ಕಟ್ಟಿದ ಲಕ್ಷಣದ ಹಾಗಿದೆ. ಅಲ್ಲಿ ಹೊತ್ತು ತೀರಾ ಕಡಿಮೆ. ಮಂಗಗಳ ಮೇಲಿನ ಪ್ರಯೋಗದಲ್ಲಿ ರಕ್ತ ನಿಂತು ಸುಮಾರು ಒಂದೂವರೆ ಗಂಟೆ ದಾಟಿದ ಮೇಲೆ ಹಾನಿ ಉಳಿದುಕೊಂಡಿತು. ಇಲ್ಲಿಂದ ಹುಬ್ಬಳ್ಳಿ ಮುಟ್ಟಲಿಕ್ಕೇ ಅದಕ್ಕಿಂತ ಜಾಸ್ತಿ ಬೇಕು, ಅಲ್ವಾ? ಇಂಥದ್ದು ಬಂದು ಹೋದರೆ ಮೆದುಳಿಗೂ ಪಾರ್ಶ್ವವಾಯು ಬರುವ ಸೂಚನೆ ಇರಬಹುದು.

ನೀನಿರುವ ಕಾರವಾರದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಯೇ ಇದೆ. ಭಾನುವಾರ ಅಂತ ನೋಡಬೇಡ, ತುರ್ತು ವಿಭಾಗಕ್ಕೇ ಹೋಗು. ಬರೀ ಕಣ್ಣಿನ ಹನಿ ಕೊಟ್ಟರೆ ಎದ್ದು ಬರಬೇಡ. ಬಿಪಿ, ಶುಗರ್, ಇಸಿಜಿ, ಕತ್ತಿನ ರಕ್ತನಾಳದ ಸ್ಕ್ಯಾನ್, ಎಲ್ಲ ಕೇಳು. ಈ ಕಾಗದದ ಫೋಟೋ ಈಗಲೇ ವಾಟ್ಸಾಪಿಗೆ ಹಾಕುತ್ತೇನೆ. ಬೈಕ್ ಮುಟ್ಟಬೇಡ, ಆಟೋ ಹಿಡಿ. ತಲುಪಿದ ಕೂಡಲೇ ಫೋನ್ ಮಾಡು.

ನಿನ್ನ ದೊಡ್ಡಪ್ಪ