ಆ ಹಸುವಿನ ಹಾಲು ಮನೆಯೊಳಗೆ ತರಬೇಡ

ಮೆಕ್ಲೀನ್ ಕೌಂಟಿ, ಇಲಿನಾಯ್
ಸೆಪ್ಟೆಂಬರ್ 1871

ಚಿರಂಜೀವಿ ಮಗನಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಶನಿವಾರ ಕೈಸೇರಿತು. ಹಂದಿಯ ರೇಟು, ಮೆಕ್ಕೆಜೋಳ, ಕೂಸಿಗೆ ಹಲ್ಲು ಬರುತ್ತಿರೋದು, ಎಲ್ಲ ಓದಿದೆ. ಅದಕ್ಕೆಲ್ಲ ಆಮೇಲೆ ಉತ್ತರ ಬರೆಯುತ್ತೇನೆ. ಕೊನೇ ಪುಟದಲ್ಲಿ ಒಂದು ಸಾಲು ಹಾಕಿದ್ದೀಯ. ಕರು ನಡುಗಿ ನಡುಗಿ ಬಿದ್ದು ಸತ್ತಿತು, ಹಸು ಮಾತ್ರ ಆರಾಮಾಗಿದೆ, ಹಾಲಿಗೇನೂ ಕಮ್ಮಿಯಿಲ್ಲ ಅಂತ. ಮುಂದಿನ ಸಾಲಿಗೆ ಬೇಲಿಯ ವಿಷಯಕ್ಕೆ ಹೋಗಿಬಿಟ್ಟಿದ್ದೀಯ. ನನಗೆ ಹಾಗೆ ಹೋಗೋಕೆ ಆಗಲಿಲ್ಲ.

ಇದು ಹಾಲಿನ ಕಾಯಿಲೆ ಇರಬಹುದು, ಹಸು ಆರಾಮಾಗಿದೆ ಅನ್ನೋದೇ ನನ್ನ ಭಯ. ಹಾಲು ಬತ್ತಿದ ಹಸುವಾದರೆ ತಾನೇ ನಡುಗಿ ತಾನೇ ಬೀಳುತ್ತದೆ. ಕರೆಯುವ ಹಸು ತಾನು ತಿಂದ ವಿಷವನ್ನು ಹಾಲಿನಲ್ಲಿ ಹೊರಗೆ ಹಾಕಿ ಗಟ್ಟಿಯಾಗಿ ನಿಂತಿರುತ್ತದೆ. ಕುಡಿದವರು ಬೀಳುತ್ತಾರೆ. ಮೊದಲು ಕರು.

ಜುಲೈಯಿಂದ ನಮ್ಮಲ್ಲೂ ಮಳೆಯಿಲ್ಲ. ಬಯಲಿನ ಹುಲ್ಲು ಒಣಗಿದ ಮೇಲೆ ದನ ಹಸಿರು ಹುಡುಕಿಕೊಂಡು ಮರದ ನೆರಳಿಗೆ ನುಗ್ಗುತ್ತವೆ. ವಾಬಾಷ್ ನದಿ ದಂಡೆಯ ನಿನ್ನ ಜಾಗದಲ್ಲಿ ಅರ್ಧಕ್ಕರ್ಧ ಕಾಡೇ ಅಲ್ವಾ.

ನಿಮ್ಮಜ್ಜಿ ಹೋದ ಕಥೆ ನಿನಗೆ ಗೊತ್ತಿರೋದೇ, ಮತ್ತೆ ಬರೆಯೋದಿಲ್ಲ. ಆದರೆ ನಿಮ್ಮಪ್ಪನಿಗಾಗ ಮೂರು ವರ್ಷ, ಅವನು ನೋಡಿದ್ದು ಕಮ್ಮಿ. ಶುರುವಿನಲ್ಲಿ ಬರೀ ಸುಸ್ತು. ಬಾವಿಯಿಂದ ಬಂದವಳು ಹೊಸ್ತಿಲ ಮೇಲೆ ಕೂತಳು, ಏಳೋಕೆ ಆಗಲಿಲ್ಲ. ಆಮೇಲೆ ವಾಂತಿ, ತೀರದ ಬಾಯಾರಿಕೆ. ಉಸಿರಿಗೆ ಒಂಥರಾ ವಾಸನೆ. ಅದನ್ನು ಒಮ್ಮೆ ಮೂಸಿದವರು ಮರೆಯಲ್ಲ. ಅಕ್ಕಪಕ್ಕದವರು ಪಾಪ ಬಂದು ಬಿಸಿ ಹಾಲು ಕುಡಿಸಿದರು. ಕಾಯಿಲೆ ಬಿದ್ದವರಿಗೆ ಇನ್ನೇನು ಕೊಡುತ್ತಾರೆ? ನಮ್ಮದೇ ಹಸುವಿನ ಹಾಲು.

ನಮ್ಮಪ್ಪ ಆಗ ಮನೆಯಲ್ಲಿರಲಿಲ್ಲ. ಬಾಲ್ಟಿಮೋರ್ ಸಂತೆಗೆ ದನ ಹೊಡೆದುಕೊಂಡು ಬೆಟ್ಟ ದಾಟಿ ಹೋಗಿದ್ದರು. 1805ರಲ್ಲಿ ಜಾರ್ಜ್ ರೆನಿಕ್ ಅವರು ಒಹಾಯೋದ ನಮ್ಮ ಸಯೋಟೊ ಕಣಿವೆಯಿಂದ 68 ದನ ಹೊಡೆದುಕೊಂಡು ಹೋಗಿ ಮಾರಿ ಬಂದಮೇಲೆ ಊರಿಗೆ ಊರೇ ಆ ದಾರಿ ಹಿಡಿದಿತ್ತು. ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡಿಗೆ. ಜಾಸ್ತಿ ಓಡಿಸಿದರೆ ಮೈ ಇಳಿದು ಲಾಭವೆಲ್ಲ ದಾರಿಯಲ್ಲೇ ಹೋಗುತ್ತಿತ್ತು. ಅಪ್ಪ ವಾಪಸ್ ಬರುವ ಹೊತ್ತಿಗೆ ಅಮ್ಮನ ಮಣ್ಣಾಗಿ ತಿಂಗಳಾಗಿತ್ತು. ಈಗೇನು, ಇಲ್ಲಿ ಸಂಜೆ ರೈಲಿಗೆ ಹತ್ತಿಸಿದ ದನ ಬೆಳಗಾದರೆ ಚಿಕಾಗೋದ ದೊಡ್ಡ ದನದ ಸಂತೆ ಯೂನಿಯನ್ ಸ್ಟಾಕ್ ಯಾರ್ಡ್ಸ್‌ನಲ್ಲಿರುತ್ತದೆ. ದನದ ವ್ಯಾಪಾರಿ ಹೆಂಡತಿ ಸಾಯುವಾಗ ದೂರ ಇರಬೇಕಾಗಿಲ್ಲ.

ಈ ಕಾಯಿಲೆ ಯಾಕೆ ಬರುತ್ತೆ ಅಂತ ಕೇಳಿದರೆ ಡಾಕ್ಟರುಗಳಲ್ಲೇ ಜಗಳ. ಒಬ್ಬರು ಮಣ್ಣಿನ ಲೋಹ ಅಂತಾರೆ, ಇನ್ನೊಬ್ಬರು ಕಾಡಿನ ಇಬ್ಬನಿ ಅಂತಾರೆ. ನಮ್ಮ ಹಳೇ ಊರಿನ ಪಕ್ಕ ಫಯೆಟ್ ಕೌಂಟಿಯಲ್ಲಿ ಜಾನ್ ರೋ ಅನ್ನುವ ರೈತರೊಬ್ಬರು 1838ರಲ್ಲೇ ಹೇಳಿದ್ದರು. ಸ್ನೇಕ್‌ರೂಟ್ ಅಂತೀವಲ್ಲ, ಆ ಬಿಳಿ ಹೂವಿನ ಗಿಡವೇ ಕಾರಣ, ದನಕ್ಕೆ ತಿನ್ನಿಸಿ ನೋಡಿದ್ದೀನಿ ಅಂತ. ರೈತನ ಮಾತು ಯಾರು ಕೇಳುತ್ತಾರೆ? ನಾನೂ ಓದಿದವನಲ್ಲ, ಆದರೆ ನನಗೆ ಅವರ ಮೇಲೇ ನಂಬಿಕೆ. ಗಿಡ ನಿನಗೆ ಗೊತ್ತಾಗುತ್ತದೆ. ನೆರಳಲ್ಲಿ ಸೊಂಟದವರೆಗೆ ಬೆಳೆಯುತ್ತದೆ, ಎದುರುಬದುರು ಎಲೆ, ಅಂಚು ಗರಗಸ, ತುದಿಯಲ್ಲಿ ಸಣ್ಣ ಬಿಳಿ ಕುಚ್ಚು. ಈ ತಿಂಗಳು ಹೂವಿರುತ್ತದೆ. ಕಾಡಿನ ಅಂಚಿನಲ್ಲಿ ಒಂದು ಸುತ್ತು ಹಾಕಿ ನೋಡು.

ಅಕ್ಕಪಕ್ಕ ಕೇಳಿದರೆ ನಿಜ ಹೇಳೋದಿಲ್ಲ, ನೋಡ್ಕೋ. ಇಲ್ಲಿ ಹಾಲಿನ ಕಾಯಿಲೆ ಇದೆ ಅಂದರೆ ಜಮೀನಿನ ಬೆಲೆ ಬಿದ್ದುಹೋಗುತ್ತದೆ. ಹಾಗಾಗಿ ಎಲ್ಲರೂ ಪಕ್ಕದ ಕೌಂಟಿ ಕಡೆ ಕೈ ತೋರಿಸುತ್ತಾರೆ. ಆ ಕೌಂಟಿಗೆ ಹೋದರೆ ಅವರು ನಿಮ್ಮ ಕಡೆ ತೋರಿಸುತ್ತಾರೆ. ಲಿಂಕನ್ ಅವರ ತಾಯಿ 1818ರಲ್ಲಿ ಇದರಲ್ಲೇ ಹೋದರು, ನಿಮ್ಮ ಇಂಡಿಯಾನಾದಲ್ಲೇ.

ವ್ಯಾಪಾರದ ದಿನಗಳಲ್ಲಿ ಕಾಡಿನ ಕಡೆಯ ದನವಾದರೆ ಬೇಲಿಯುದ್ದಕ್ಕೂ ಓಡಿಸಿ ನೋಡದೆ ನಾನು ದುಡ್ಡು ಬಿಚ್ಚುತ್ತಿರಲಿಲ್ಲ. ನಿಂತಾಗ ಚೆನ್ನಾಗೇ ಕಾಣುತ್ತದೆ. ಓಡಿಸಿದರೆ ಮುಸುಡಿ ಅದುರುತ್ತದೆ, ಆಮೇಲೆ ತೊಡೆ, ಆಮೇಲೆ ಕಾಲು ಸೆಟೆಯುತ್ತದೆ. ಆದರೆ ಕರೆಯುವ ಹಸುವಿನಲ್ಲಿ ಅದೂ ಕಾಣಿಸದೇ ಇರಬಹುದು. ಅದಕ್ಕೇ ಹೇಳಿದ್ದು.

ನಿಮ್ಮಪ್ಪನ ಮೇಲೆ ನನಗೆ ಈಗಲೂ ಸಿಟ್ಟಿದೆ, ಸತ್ತವರ ಮೇಲೆ ಇಟ್ಟುಕೊಳ್ಳಬಾರದು ಅಂತಾರೆ. ನಾನು ಈ ಹುಲ್ಲುಗಾಡಿಗೆ ಬಂದಾಗ ಅವನನ್ನೂ ಕರೆದೆ. ಮರ ಬೆಳೆಯದ ನೆಲದಲ್ಲಿ ಜೋಳ ಬೆಳೆಯುತ್ತಾ, ಸೌದೆಗೆ ಏನು ಮಾಡ್ತೀಯ ಅಂತ ನಕ್ಕ. ಆಗ ಎಲ್ಲರೂ ಹಾಗೇ ಅಂದುಕೊಂಡಿದ್ದರು. 1824ರಲ್ಲೇ ಇಲ್ಲಿಗೆ ಬಂದ ದನದ ದೊಡ್ಡ ವ್ಯಾಪಾರಿ ಐಸಾಕ್ ಫಂಕ್ ಅವರು ಕೂಡ ಮೊದಲು ಗುಡಿಸಲು ಹಾಕಿದ್ದು ತೋಪಿನ ಮಗ್ಗುಲಲ್ಲೇ. 1865ರಲ್ಲಿ ಹೋಗುವಾಗ ಅವರ ಹೆಸರಲ್ಲಿ ಸುಮಾರು 25,000 ಎಕರೆ ಇತ್ತು. ನಾನು ಇನ್ನೊಂದು ಸಲ ಕರೆಯಬಹುದಿತ್ತು. ದನ, ಹಂದಿ, ಜೋಳ ಅಂತ ವರ್ಷಗಳು ಹೋದವು. ಹೋರಿಗಳ ಹಿಂದೆ ಹಂದಿ ಬಿಟ್ಟು ಸಗಣಿಯಲ್ಲಿ ಬಿದ್ದ ಒಂದು ಕಾಳೂ ಪೋಲಾಗದ ಹಾಗೆ ನೋಡಿಕೊಂಡೆ, ತಮ್ಮನನ್ನು ನೋಡಿಕೊಳ್ಳಲಿಲ್ಲ.

ಮುದುಕನ ಗಾಬರಿ ಅಂದುಕೊಂಡರೂ ಪರವಾಗಿಲ್ಲ, ಇಷ್ಟು ಮಾಡು. ಗಟ್ಟಿ ಮಂಜು ಬಿದ್ದು ಕಾಡಿನ ಹಸಿರು ಸಾಯುವ ತನಕ ದನವನ್ನು ಬಯಲಲ್ಲೇ ಕಟ್ಟು, ಜೋಳದ ದಂಟು ಹಾಕು. ಹಾಲು ಕರೆದು ನೆಲಕ್ಕೆ ಚೆಲ್ಲು, ಹಂದಿಗೂ ಹಾಕಬೇಡ. ಮನೆಯಲ್ಲಿರುವ ಬೆಣ್ಣೆಯೂ ಬೇಡ, ಸೊಸೆ ಬೈದರೆ ನನ್ನ ಹೆಸರು ಹೇಳು. ಕಾಯಿಸಿದರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಕರುವನ್ನು ಆಳವಾಗಿ ಹೂಳಿದೆಯಾ? ನಾಯಿ ಎಳೆದು ತಿಂದರೆ ನಾಯಿಯೂ ಹೋಗುತ್ತದೆ. ನಮ್ಮ ಬಯಲಲ್ಲಿ ಮೇದ ಎರಡು ಹಸು ಇದೆ, ರೈಲಿನಲ್ಲಿ ಲಫಯೆಟ್‌ವರೆಗೆ ಕಳಿಸುತ್ತೇನೆ. ದುಡ್ಡಿನ ಮಾತು ಎತ್ತಬೇಡ.

ಇನ್ನೊಂದು. ಕೂಸಿಗೆ ಹಾಲುಣಿಸಿ ಉಣಿಸಿ ಸೊಸೆ ಸುಸ್ತಾಗಿದ್ದಾಳೆ, ಮಧ್ಯಾಹ್ನವೂ ಮಲಗುತ್ತಾಳೆ ಅಂತ ಬರೆದಿದ್ದೀಯ. ಅದು ಯಾವಾಗಿನಿಂದ? ಕರು ಸಾಯೋಕೆ ಮುಂಚೆಯೋ, ಆಮೇಲೋ? ಕಾಗದ ಬರೆಯುತ್ತಾ ಕೂರಬೇಡ, ತಂತಿ ಕೊಡು.

ನಿನ್ನ ದೊಡ್ಡಪ್ಪ