ಕೊಪ್ಪಳ ಸ್ಟೇಷನ್ನಿನ ಅಕ್ಕನಿಗೆ

ಹೋದ ತಿಂಗಳು ಕೊಪ್ಪಳ ಸ್ಟೇಷನ್ನಿನ ಬೆಂಚಿನ ಮೇಲೆ ಕಡ್ಡಿಯಲ್ಲಿ ಹೆಣೆಯುತ್ತಿದ್ದ ಲೇಸ್ (ತೂತು ತೂತಿನ ವಿನ್ಯಾಸದ) ಸ್ಕಾರ್ಫ್ ಹಿಡಿದು ಅಳುಮುಖ ಮಾಡಿಕೊಂಡು ಕೂತಿದ್ದವಳು ನಾನೇ. (ನಮ್ಮ ಬಿಸಿಲಿಗೆ ಸ್ಕಾರ್ಫಾ ಅಂತ ನಗಬೇಡಿ, ಅದು ಹತ್ತಿ ದಾರದ್ದು.) 61 ಕುಣಿಕೆ ಇರಬೇಕಾದಲ್ಲಿ 58 ಇದ್ದವು. ಒಂದು ಕುಣಿಕೆ ಕಡ್ಡಿಯಿಂದ ಜಾರಿ ಐದು ಸಾಲು ಕೆಳಗಿಳಿದಿತ್ತು. ಇನ್ನೆರಡು ಕಡೆ, ಎರಡು ಕುಣಿಕೆ ಕೂಡಿಸಿ ಹೆಣೆದ ಮೇಲೆ ತೂತಿಗಾಗಿ ದಾರ ಸುತ್ತುವುದನ್ನೇ ಮರೆತಿದ್ದೆ.

ಸಿಟ್ಟಿಗೆ ಪೂರ್ತಿ ಬಿಚ್ಚಲು ಹೊರಟೆ. "ತಡಿ ತಂಗಿ, ಎಲ್ಲಾ ಬಿಚ್ಚಬ್ಯಾಡ" ಅಂದಿರಿ. ಬ್ಯಾಗಿನಿಂದ ಕೆಂಪು ಹೊಲಿಗೆ ದಾರ ತೆಗೆದು, ತಪ್ಪುಗಳ ಕೆಳಗಿದ್ದ, ತಪ್ಪಿಲ್ಲದ ಸಾಲಿನ ಒಂದೊಂದು ಕುಣಿಕೆಯಲ್ಲೂ ಪೋಣಿಸಿದಿರಿ. ಆ ದಾರ ಕುಣಿಕೆಗಳನ್ನು ಹಿಡಿದುಕೊಂಡಿದ್ದರಿಂದ, ಬಿಚ್ಚಿದ್ದು ಸರಿಯಾಗಿ ಅಲ್ಲಿಗೇ ನಿಂತಿತು! ಈಗ ಹತ್ತು ಸಾಲಿಗೊಮ್ಮೆ ಆ ದಾರ ಹಾಕುತ್ತೇನೆ.

ಹೆಸರು ಕೇಳುವಷ್ಟರಲ್ಲಿ ಹುಬ್ಬಳ್ಳಿ ಗಾಡಿ ಬಂತು. ತುಂಬಾ ಥ್ಯಾಂಕ್ಸ್ ಅಕ್ಕಾ. ನಿಮ್ಮ ಕೆಂಪು ದಾರ ನನ್ನ ಹತ್ತಿರವೇ ಉಳಿದಿದೆ.