ಏಪ್ರಿಲ್ 1ರಿಂದ ಉದ್ರಿ 45 ದಿನಕ್ಕೆ ಮಾತ್ರ: ನಮ್ಮ ಗ್ರಾಹಕರಿಗೊಂದು ಪತ್ರ

ಪ್ರೀತಿಯ ಗ್ರಾಹಕ ಬಂಧುಗಳಿಗೆ ನಮಸ್ಕಾರ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇವೆ. ಬರುವ ಏಪ್ರಿಲ್ 1ರಿಂದ ಶಿರಸಿಯ ನಮ್ಮ ಜವಳಿ ಅಂಗಡಿಯಲ್ಲಿ ಉದ್ರಿ 45 ದಿನಕ್ಕೆ ಮಾತ್ರ. ಅಡಿಕೆ ಮಾರಿದ ಮೇಲೆ ವರ್ಷದ ಬಾಕಿಯನ್ನು ಒಟ್ಟಿಗೆ ಚುಕ್ತಾ ಮಾಡುವ ವಾಡಿಕೆ ಇಲ್ಲಿಗೆ ನಿಲ್ಲುತ್ತದೆ. ಅಪ್ಪಯ್ಯನ ಕಾಲದಿಂದ ನಡೆದು ಬಂದದ್ದನ್ನು ನಾವು ನಿಲ್ಲಿಸುತ್ತಿದ್ದೇವೆ, ಕ್ಷಮೆಯಿರಲಿ. ಹೋದ ತಿಂಗಳು ಗಲ್ಲಾದ ಪಕ್ಕ ಬೋರ್ಡು ಹಾಕಿದಾಗ ಒಬ್ಬ ಹಿರಿಯರು ಅದನ್ನು ಎರಡು ಸಲ ಓದಿದರು. ಆರಿಸಿಕೊಂಡಿದ್ದ ಪಾಣಿಪಂಚೆಯನ್ನು ಮಡಚಿ ಮೇಜಿನ ಮೇಲಿಟ್ಟು ಮಾತಾಡದೆ ಹೊರಟುಹೋದರು. ಬೋರ್ಡು ಹಾಕುವ ಮೊದಲೇ ಈ ಪತ್ರ ಬರೆಯಬೇಕಿತ್ತು. ಅದು ನಮ್ಮ ತಪ್ಪು.

ನಮಗೆ ಮಾಲು ಬರುವುದು ಸೂರತ್, ಇಚಲಕರಂಜಿ ಕಡೆಯಿಂದ. ಅಲ್ಲಿಯವರು ಮೊದಲು ಮೂರು ನಾಲ್ಕು ತಿಂಗಳು ಕಾಯುತ್ತಿದ್ದರು. 2024ರಿಂದ ಆದಾಯ ತೆರಿಗೆಯಲ್ಲಿ ಹೊಸ ನಿಯಮ ಬಂತು. ಸಣ್ಣ ಉತ್ಪಾದಕರಿಂದ ಮಾಲು ತಂದರೆ ಬರಹದ ಕರಾರಿದ್ದಲ್ಲಿ 45 ದಿನ, ಇಲ್ಲದಿದ್ದಲ್ಲಿ 15 ದಿನದೊಳಗೆ ಹಣ ಕೊಡಬೇಕು. ಗಡುವು ಮೀರಿದ ಬಾಕಿ ಮಾರ್ಚ್ 31ಕ್ಕೆ ಉಳಿದಿದ್ದರೆ ಆ ವರ್ಷದ ಖರ್ಚಿನಲ್ಲಿ ಅದನ್ನು ಹಿಡಿಯುವುದಿಲ್ಲ. ನಮ್ಮ ಲಾಭವೆಂದೇ ಎಣಿಸಿ ತೆರಿಗೆ ಹಾಕುತ್ತಾರೆ. ಸಣ್ಣ ಮಗ್ಗದವರ ಹಣ ಸಿಕ್ಕಿಬೀಳಬಾರದೆಂದು ಮಾಡಿದ ನಿಯಮ, ಅದನ್ನು ಕೆಟ್ಟದ್ದೆನ್ನಲಾರೆವು. ಆದರೆ ಜೂನಿನಲ್ಲಿ ಮಕ್ಕಳ ಯೂನಿಫಾರ್ಮಿಗೆ ಬಟ್ಟೆ ಒಯ್ದವರ ಹಣ ನಮಗೆ ಬರುವುದು ಕೊನೆ ಕೊಯ್ಲು ಮುಗಿದು, ಅಡಿಕೆ ಒಣಗಿ, ವಖಾರಿಗೆ ಹೋದ ಮೇಲೆ. ನಡುವಿನ ಏಳೆಂಟು ತಿಂಗಳು ಬ್ಯಾಂಕಿನ ಸಾಲದಲ್ಲಿ ದೂಡುತ್ತೇವೆ. ಆ ಬಡ್ಡಿಯ ಒಂದು ಪೈಸೆಯನ್ನೂ ಯಾರ ಖಾತೆಗೂ ಬರೆದಿಲ್ಲ.

ಇನ್ನು ದಿನಕ್ಕೆ ನಾಲ್ಕು ಸಲ ಕೇಳುವ ಮಾತು: "ಹುಬ್ಬಳ್ಳಿಯ ಶಾಪಿಂಗ್ ಮಾಲ್‌ನಲ್ಲಿ ನಿಮಗಿಂತ ಅಗ್ಗ. ಈಗ ಉದ್ರಿಯೂ ಇಲ್ಲ ಅಂದ್ರೆ ನಿಮ್ಮಲ್ಲಿಗೆ ಯಾಕೆ ಬರಬೇಕು?"

ಕೆಲವು ಮಾಲು ಅಲ್ಲಿ ಅಗ್ಗವೇ, ಒಪ್ಪುತ್ತೇವೆ. ಯಾಕೆಂದೂ ಕೇಳಿ. ಅಂಗಿ ನಮಗೆ ಬಿಡಿಯಾಗಿ ಬರುವುದಿಲ್ಲ, ಒಂದು ಬಣ್ಣಕ್ಕೆ 38, 40, 42, 44 ಎಂದು ಸೆಟ್ಟಾಗಿ ಬರುತ್ತದೆ. 40, 42 ಹೋಗುತ್ತವೆ, ಎರಡು ತುದಿಯವು ಕಪಾಟಿನಲ್ಲೇ ಕೂರುತ್ತವೆ. ಹತ್ತೂರಲ್ಲಿ ಮಳಿಗೆ ಇದ್ದವರು ಒಂದೂರಲ್ಲಿ ಉಳಿದದ್ದನ್ನು ಇನ್ನೊಂದೂರಿಗೆ ಕಳಿಸುತ್ತಾರೆ, ಕೊನೆಗೆ ಅರ್ಧ ಬೆಲೆಗೆ ಖಾಲಿ ಮಾಡುತ್ತಾರೆ. ನಮಗಿರುವುದು ಇದೊಂದೇ ಅಂಗಡಿ. ಮಾರಿಕಾಂಬೆ ಜಾತ್ರೆಗೆಂದು ತಂದದ್ದು ಉಳಿದರೆ ಮುಂದಿನ ಜಾತ್ರೆಗೆ ಎರಡು ವರ್ಷ ಕಾಯಬೇಕು, ಅಷ್ಟರಲ್ಲಿ ಕಾಲರಿನ ನಮೂನೆಯೇ ಹಳೆಯದಾಗಿರುತ್ತದೆ.

"ಜಿಎಸ್‌ಟಿ ಇಳೀತಲ್ಲ" ಎನ್ನುವವರೂ ಇದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಸಾವಿರ ದಾಟಿ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ. 12 ಇದ್ದದ್ದು ಶೇ. 5 ಆಯಿತು. ಹಿಂದಿನ ರಾತ್ರಿಯೇ ಕೂತು ದರದ ಚೀಟಿ ಬದಲಿಸಿದ್ದೇವೆ. ಸಾವಿರದೊಳಗಿನ ಉಡುಪಿಗೂ ಸೀರೆಗೂ ಮೊದಲೂ ಐದು, ಈಗಲೂ ಐದು. 2,500 ದಾಟಿದ ಸಿದ್ಧ ಉಡುಪಿಗೆ ಮಾತ್ರ ಶೇ. 12 ಹೋಗಿ ಶೇ. 18 ಆಗಿದೆ. ಮದುವೆ ಜವಳಿಯಲ್ಲಿ ಶೇರ್ವಾನಿಯ ಬಿಲ್ಲು ಏರಿದ್ದು ಇದರಿಂದ. ಆ ಹಣ ನಮ್ಮ ಗಲ್ಲಾದಲ್ಲಿ ನಿಲ್ಲುವುದಿಲ್ಲ.

2023ರ ಜೂನಿನಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದ ಮೇಲೆ ಹುಬ್ಬಳ್ಳಿ ಹತ್ತಿರವಾಗಿದೆ. ನಮ್ಮ ಮನೆಯವರೂ ಹೋಗಿ ಬರುತ್ತಾರೆ, ಅದಕ್ಕೆ ಬೇಸರವಿಲ್ಲ. ಬೇಸರವಾಗುವುದು, ಇಲ್ಲಿ ಹತ್ತು ಸೀರೆ ಬಿಡಿಸಿ, ಫೋಟೊ ತೆಗೆದುಕೊಂಡು, ಅದೇ ಬಣ್ಣವನ್ನು ಮೊಬೈಲಿನಲ್ಲಿ ತರಿಸಿ, ಫಾಲ್ ಹಚ್ಚಿಕೊಡಿ ಎಂದು ನಮ್ಮಲ್ಲಿಗೇ ತಂದಾಗ. ಹಚ್ಚಿಕೊಟ್ಟಿದ್ದೇವೆ, ಮುಂದೆಯೂ ಹಚ್ಚಿಕೊಡುತ್ತೇವೆ. ಸೀರೆಯ ಬಣ್ಣ ಟ್ಯೂಬ್‌ಲೈಟಿನಲ್ಲಿ ಒಂದು, ಬಿಸಿಲಿನಲ್ಲಿ ಒಂದು. ಅದಕ್ಕೇ ಸೆರಗನ್ನು ಹೊರಗೆ ರಸ್ತೆಗೆ ಹಿಡಿದು ತೋರಿಸದೆ ನಾವು ಇವತ್ತಿಗೂ ಕಟ್ಟಿಕೊಡುವುದಿಲ್ಲ. ಯಾವ ಶಾಲೆಯ ಯೂನಿಫಾರ್ಮಿಗೆ ಯಾವ ಚೌಕಳಿ ಎಂದು ನಮ್ಮ ಹುಡುಗರಿಗೆ ಬಾಯಿಪಾಠ. ಇದಕ್ಕೆ ನಾವು ಬಿಲ್ಲು ಮಾಡಿಲ್ಲ.

ನಾಳೆ ಶಿರಸಿಗೂ ದೊಡ್ಡ ಮಾಲ್ ಬರಬಹುದು. ಬರಲಿ, ಅಲ್ಲಿ ನಮ್ಮೂರಿನ ಮಕ್ಕಳಿಗೆ ಕೆಲಸವೂ ಸಿಗಲಿ. ಅದು ಬಂದ ದಿನವೂ ಬಜಾರಿನಲ್ಲಿ ನಮ್ಮ ಬಾಗಿಲು ತೆರೆದಿರಬೇಕು ಎಂಬುದಷ್ಟೇ ನಮ್ಮ ಆಸೆ. ದರ ಏರಿಸುವುದೋ, ಉದ್ರಿ ಮೊಟಕು ಮಾಡುವುದೋ ಎಂದು ಯೋಚಿಸಿ ಎರಡನೆಯದನ್ನು ಆರಿಸಿದೆವು. ದರ ಏರಿಸಿದರೆ ನಗದು ಕೊಟ್ಟು ಒಯ್ಯುವ ಕೂಲಿಯವರೂ ಉದ್ರಿಯವರ ಬಡ್ಡಿ ತೆತ್ತಂತಾಗುತ್ತಿತ್ತು.

ಹಳೆಯ ಬಾಕಿಗೆ ಈ ಗಡುವು ಇಲ್ಲ. ಕೊಳೆ ರೋಗಕ್ಕೋ ಎಲೆಚುಕ್ಕಿಗೋ ಫಸಲು ಕಳೆದುಕೊಂಡವರು ಮುಂದಿನ ಕೊಯ್ಲಿನ ತನಕ ಕಂತಿನಲ್ಲಿ ಕೊಡಿ. ಬಡ್ಡಿ ಇಲ್ಲ, ಮನೆ ಬಾಗಿಲಿಗೆ ಯಾರನ್ನೂ ಕಳಿಸುವುದೂ ಇಲ್ಲ. ಸಾವಿನ ಮನೆಗೆ ಬೇಕಾದ ಬಟ್ಟೆಗೂ 45 ದಿನದ ಲೆಕ್ಕವಿಲ್ಲ. ಎಷ್ಟು ಹೊತ್ತಾಗಿದ್ದರೂ ಹಿಂಬಾಗಿಲು ತಟ್ಟಿ, ಮೊದಲಿನಂತೆಯೇ ಎದ್ದು ಬಂದು ಕೊಡುತ್ತೇವೆ. ಪಾಣಿಪಂಚೆ ಇಟ್ಟುಹೋದ ಹಿರಿಯರೇ, ಅದನ್ನು ನಿಮ್ಮ ಹೆಸರು ಬರೆದು ತೆಗೆದಿಟ್ಟಿದ್ದೇವೆ.

ಖಾತೆ ನೋಡಬೇಕೆನ್ನುವವರು ಮಧ್ಯಾಹ್ನ ಮೂರರ ಮೇಲೆ ಬನ್ನಿ. ಆ ಹೊತ್ತಿಗೆ ಗಿರಾಕಿ ಕಡಿಮೆ, ನಾನೇ ಇರುತ್ತೇನೆ. ಪುಸ್ತಕ ತೆರೆದು ಕೂತು ಮಾತಾಡೋಣ.

ನಿಮ್ಮ ಜವಳಿ ಅಂಗಡಿಯವರು
ಶಿರಸಿ